‘ಎಪ್‌ಸ್ಟೀನ್ ಫೈಲ್‌ನಲ್ಲಿ ಹೆಸರಿದೆ’ ಅಂದಾಗ ಏನೇನು ನೋಡಬೇಕು? ದಾಖಲೆ ಓದುವ ಹಂತಗಳು

ಎಪ್‌ಸ್ಟೀನ್ ದಾಖಲೆಗಳ ಹೊಸ ಕಂತು ಹೊರಬಂದಾಗಲೆಲ್ಲ ಓದುಗರು ಕಳಿಸುವುದು ಒಂದೇ ಬಗೆಯ ಸ್ಕ್ರೀನ್‌ಶಾಟ್. ಅರ್ಧ ಪುಟ, ನಡುವೆ ಬಿಲ್ ಕ್ಲಿಂಟನ್ ಹೆಸರಿಗೆ ಕೆಂಪು ಗೆರೆ, ಕೆಳಗೆ ಪ್ರಶ್ನೆ: ‘ಇದು ನಿಜಾನಾ?’ ಹೆಸರು ಇರುವುದು ನಿಜ. ಟ್ರಂಪ್ ಹೆಸರೂ ಇದೆ. ಲೆಕ್ಕವಿಲ್ಲದಷ್ಟು ಬೇರೆಯವರ ಹೆಸರೂ ಇದೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಆ ಹೆಸರನ್ನು ಆ ಪುಟಕ್ಕೆ ತಂದವರು ಯಾರು, ಯಾಕೆ ತಂದರು, ಅವರಿಗೆ ಆ ವಿಷಯ ಹೇಗೆ ಗೊತ್ತು? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಆ ಸ್ಕ್ರೀನ್‌ಶಾಟ್‌ನಿಂದ ನಿಮಗೆ ಏನೂ ತಿಳಿದ ಹಾಗಾಗಲಿಲ್ಲ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ನೋಡುವ ಕ್ರಮವನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಕ್ಲಿಂಟನ್ ಅವರನ್ನೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅವರ ಹೆಸರು ಬರುವ ಜಾಗಗಳಲ್ಲಿ ಎಲ್ಲ ತರಹದ ಗೊಂದಲಗಳೂ ಸಿಗುತ್ತವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಪ್‌ಸ್ಟೀನ್ ವಿಷಯದಲ್ಲಿ ಕ್ಲಿಂಟನ್ ಮೇಲೆ ಯಾವ ಅಪರಾಧದ ಆರೋಪಪಟ್ಟಿಯೂ ಇಲ್ಲ. ಆ ಅಪರಾಧಗಳ ಬಗ್ಗೆ ತನಗೆ ಏನೂ ಗೊತ್ತಿರಲಿಲ್ಲ ಎಂದೇ ಅವರು ಹೇಳುತ್ತ ಬಂದಿದ್ದಾರೆ. ಈ ಲೇಖನ ಅವರನ್ನು ಬಚಾವ್ ಮಾಡಲಿಕ್ಕೂ ಅಲ್ಲ, ಸಿಕ್ಕಿಸಲಿಕ್ಕೂ ಅಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ: ಜೆಫ್ರಿ ಎಪ್‌ಸ್ಟೀನ್ ಅಮೆರಿಕದ ಶ್ರೀಮಂತ, ಹಣಕಾಸಿನ ವ್ಯವಹಾರ ನಡೆಸುತ್ತಿದ್ದವನು. 2008ರಲ್ಲಿ ಫ್ಲಾರಿಡಾದಲ್ಲಿ ತಪ್ಪೊಪ್ಪಿಕೊಂಡು ಸಣ್ಣ ಶಿಕ್ಷೆಯಲ್ಲೇ ಪಾರಾದ. 2019ರ ಜುಲೈನಲ್ಲಿ ಅಪ್ರಾಪ್ತ ಹುಡುಗಿಯರ ಲೈಂಗಿಕ ಸಾಗಾಣಿಕೆಯ ಆರೋಪದಲ್ಲಿ ಮತ್ತೆ ಬಂಧನವಾಯಿತು, ಆಗಸ್ಟ್ 10ರಂದು ನ್ಯೂಯಾರ್ಕಿನ ಜೈಲಿನಲ್ಲಿ ಸತ್ತ. ಅವನ ಜೊತೆಗಾತಿ ಗಿಲೇನ್ ಮ್ಯಾಕ್ಸ್‌ವೆಲ್ 2021ರ ಡಿಸೆಂಬರ್‌ನಲ್ಲಿ ಅಪರಾಧಿ ಎಂದು ತೀರ್ಮಾನವಾಗಿ, 2022ರಲ್ಲಿ 20 ವರ್ಷದ ಶಿಕ್ಷೆ ಆಯಿತು.

ಕೈಯಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಇಂಗ್ಲಿಷ್ ನಿಧಾನವಾಗಿ ಓದಲು ಬಂದರೆ ಸಾಕು. ಆದಷ್ಟು ಕಂಪ್ಯೂಟರಿನಲ್ಲೇ ನೋಡಿ, ಫೋನಿನಲ್ಲಿ ನೂರಾರು ಪುಟದ ಪಿಡಿಎಫ್ ಓದುವುದು ಹಿಂಸೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಹಣ ಖರ್ಚು ಮಾಡಬೇಕಿಲ್ಲ. ಅಮೆರಿಕದ ಫೆಡರಲ್ ಕೋರ್ಟುಗಳ ದಾಖಲೆಗೆ ‘ಪೇಸರ್’ ಎಂಬ ಸರ್ಕಾರಿ ವ್ಯವಸ್ಥೆ ಇದೆ, ಅದರಲ್ಲಿ ಪುಟಕ್ಕೆ 10 ಸೆಂಟ್ ಶುಲ್ಕ. ಆದರೆ ‘ಕೋರ್ಟ್‌ಲಿಸನರ್’ ಎಂಬ ಉಚಿತ ತಾಣದಲ್ಲಿ ಈ ಕೇಸಿನ ಮುಖ್ಯ ದಾಖಲೆಗಳು ಸಿಗುತ್ತವೆ. ನ್ಯಾಯ ಇಲಾಖೆ ಬಿಡುಗಡೆ ಮಾಡಿದ್ದು ಅವರದೇ ತಾಣದಲ್ಲಿದೆ. ಒಳಗೆ ಹೋಗುವ ಮುಂಚೆ 18 ವರ್ಷ ಆಗಿದೆಯಾ ಎಂದು ಕೇಳುತ್ತದೆ, ಹೌದು ಅಂದರೆ ತೆರೆದುಕೊಳ್ಳುತ್ತದೆ.

ತಾಳ್ಮೆ ಮಾತ್ರ ಬೇಕೇ ಬೇಕು. ಅದಿಲ್ಲದಿದ್ದರೆ ಇಲ್ಲಿಗೇ ಬಿಟ್ಟು ನಂಬಿಕೆಯ ಒಂದು ಪತ್ರಿಕೆಯ ವರದಿ ಓದಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ.

ಹಂತ 1: ಇದು ಯಾವ ಕಂತು?

‘ಎಪ್‌ಸ್ಟೀನ್ ಫೈಲ್ಸ್’ ಅಂತ ಒಂದೇ ಒಂದು ಫೈಲ್ ಇದೆ ಅಂದುಕೊಂಡವರೇ ಹೆಚ್ಚು. ಹಾಗಿಲ್ಲ. ಬೇರೆ ಬೇರೆ ಮೂಲದಿಂದ, ಬೇರೆ ಬೇರೆ ಕಾರಣಕ್ಕೆ ಹೊರಬಂದ ಕಾಗದಗಳ ರಾಶಿಗಳಿವೆ. ಮುಖ್ಯವಾದವು ಮೂರು.

ಮೊದಲನೆಯದು ಕೋರ್ಟಿನದು. ಎಪ್‌ಸ್ಟೀನ್ ವಿರುದ್ಧ ದೂರಿದ ಸಂತ್ರಸ್ತೆಯರಲ್ಲೊಬ್ಬರಾದ ವರ್ಜೀನಿಯಾ ಜುಫ್ರೆ ಅವರು ಮ್ಯಾಕ್ಸ್‌ವೆಲ್ ಮೇಲೆ 2015ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆ ಇದು. 2017ರಲ್ಲಿ ರಾಜಿಯಾಯಿತು, ಕಾಗದಗಳು ಮಾತ್ರ ಸೀಲ್ ಆಗಿಯೇ ಉಳಿದವು, ಅಂದರೆ ಕೋರ್ಟಿನ ಆದೇಶದಂತೆ ಗುಟ್ಟಾಗಿದ್ದವು. ಮಯಾಮಿ ಹೆರಾಲ್ಡ್ ಪತ್ರಿಕೆ ಕೋರ್ಟಿಗೆ ಹೋಯಿತು. ಹಂತ ಹಂತವಾಗಿ ಸೀಲ್ ತೆಗೆದರು. ಅದರ ದೊಡ್ಡ ಕಂತು ನ್ಯಾಯಾಧೀಶೆ ಲೊರೆಟ್ಟಾ ಪ್ರೆಸ್ಕಾ ಅವರ ಆದೇಶದಿಂದ 2024ರ ಜನವರಿ 3ರಿಂದ ಹೊರಬಂತು. ಎರಡನೆಯದು ಎಪ್‌ಸ್ಟೀನ್‌ನ ಆಸ್ತಿ ನೋಡಿಕೊಳ್ಳುವವರು ಅಮೆರಿಕದ ಸಂಸತ್ತಿನ ಒಂದು ಸಮಿತಿಗೆ ಕೊಟ್ಟ ಇಮೇಲ್ ಮತ್ತಿತರ ಕಾಗದ. ಇದರಲ್ಲಿ ಸುಮಾರು 20,000 ಪುಟ 2025ರ ನವೆಂಬರ್‌ನಲ್ಲಿ ಬಂತು. ಮೂರನೆಯದು ನ್ಯಾಯ ಇಲಾಖೆಯ ತನಿಖಾ ಕಡತ. 2025ರ ನವೆಂಬರ್ 19ರಂದು ಸಹಿಯಾದ ಕಾನೂನಿನ ಪ್ರಕಾರ ಬಿಟ್ಟದ್ದು. ಡಿಸೆಂಬರ್ 19ರಂದು ಶುರುವಾಯಿತು, 2026ರ ಜನವರಿ 30ರಂದು 30 ಲಕ್ಷಕ್ಕೂ ಹೆಚ್ಚು ಪುಟ ಒಟ್ಟಿಗೆ ಬಂತು.

ಇದು ಯಾಕೆ ಮುಖ್ಯ ಅಂದರೆ, ಸಿವಿಲ್ ಮೊಕದ್ದಮೆಯಲ್ಲಿ ಎರಡೂ ಕಡೆಯ ವಕೀಲರು ಆರಿಸಿ ಇಟ್ಟ ಕಾಗದ ಇರುತ್ತದೆ. ತನಿಖಾ ಕಡತದಲ್ಲಿ ಆರಿಸಿದ್ದೇ ಇರುವುದಿಲ್ಲ, ಬಂದದ್ದೆಲ್ಲ ಇರುತ್ತದೆ. ಸಾರ್ವಜನಿಕರು ಎಫ್‌ಬಿಐಗೆ ಕಳಿಸಿದ್ದೆಲ್ಲ ಇದರಲ್ಲಿ ಸೇರಿದೆ, ಅದರಲ್ಲಿ ಸುಳ್ಳು ಕಾಗದ, ನಕಲಿ ಚಿತ್ರ ಇರಬಹುದು ಅಂತ ನ್ಯಾಯ ಇಲಾಖೆಯೇ ಹೇಳಿದೆ.

ಎಡವುವ ಜಾಗ: 2024ರ ಜನವರಿಯಲ್ಲಿ ಬಂದದ್ದನ್ನು ‘ಗಿರಾಕಿಗಳ ಪಟ್ಟಿ’ ಅಂತ ವಾಟ್ಸ್ಯಾಪ್‌ನಲ್ಲಿ ಓಡಿಸಿದರು. ಅದರಲ್ಲಿದ್ದವರು ಸಂತ್ರಸ್ತೆಯರು, ಮನೆಕೆಲಸದವರು, ಸಾಕ್ಷಿಗಳು, ಪತ್ರಕರ್ತರು, ಪೊಲೀಸರು, ಹಾಗೆಯೇ ದೊಡ್ಡ ಹೆಸರಿನವರು. ಎಲ್ಲ ಒಟ್ಟಿಗೆ. ಅಂಥ ಗಿರಾಕಿ ಪಟ್ಟಿ ಸಿಕ್ಕಿಲ್ಲ ಎಂದು ನ್ಯಾಯ ಇಲಾಖೆ ಮತ್ತು ಎಫ್‌ಬಿಐ 2025ರ ಜುಲೈನಲ್ಲಿ ಹೇಳಿದವು. ಅದನ್ನು ನಂಬದವರು ಬಹಳ ಜನ ಇದ್ದಾರೆ, ಇರಲಿ. ಆದರೆ ಕೋರ್ಟಿನ ಕಂತು ಪಟ್ಟಿಯಲ್ಲ ಅನ್ನುವುದಕ್ಕೆ ನಂಬಿಕೆ ಬೇಕಿಲ್ಲ, ತೆರೆದು ನೋಡಿದರೆ ಸಾಕು.

ಹಂತ 2: ಸ್ಕ್ರೀನ್‌ಶಾಟ್ ಬಿಡಿ, ಪುಟ ಹುಡುಕಿ

ಕೋರ್ಟಿನ ದಾಖಲೆಯಾದರೆ ಪುಟದ ತಲೆಯ ಮೇಲೆ ಒಂದು ಸಾಲು ಇರುತ್ತದೆ: ಕೇಸಿನ ಸಂಖ್ಯೆ, ದಾಖಲೆಯ ಸಂಖ್ಯೆ, ಸಲ್ಲಿಸಿದ ದಿನ, ಎಷ್ಟನೇ ಪುಟ. ಜುಫ್ರೆ ಮೊಕದ್ದಮೆಯ ಸಂಖ್ಯೆ 15-ಸಿವಿ-7433. ನ್ಯಾಯ ಇಲಾಖೆಯದಾದರೆ ಪುಟದ ಕೆಳಗಡೆ ‘ಇಎಫ್‌ಟಿಎ’ ಎಂದು ಶುರುವಾಗುವ ಉದ್ದ ಸಂಖ್ಯೆ ಇರುತ್ತದೆ. ಇದಕ್ಕೆ ಬೇಟ್ಸ್ ನಂಬರ್ ಅಂತಾರೆ, ಪ್ರತಿ ಪುಟಕ್ಕೂ ಒತ್ತಿದ ಕ್ರಮಸಂಖ್ಯೆ ಅಷ್ಟೇ. ಸ್ಕ್ರೀನ್‌ಶಾಟ್ ಕಳಿಸಿದವರು ಈ ಸಾಲನ್ನು ಕತ್ತರಿಸಿದ್ದರೆ ಅವರನ್ನೇ ಕೇಳಿ. ಅವರಿಗೂ ಗೊತ್ತಿಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಮುಂದೆ ಯೋಚಿಸುವ ಅಗತ್ಯವೇ ಇಲ್ಲ.

ಪುಟ ಸಿಕ್ಕಿದ ಮೇಲೆ ಹಿಂದಿನ ಮೂರು ಪುಟ, ಮುಂದಿನ ಮೂರು ಪುಟ ಓದಿ. ಇದನ್ನು ಬಿಟ್ಟರೆ ಉಳಿದ ಹಂತಗಳೆಲ್ಲ ದಂಡ.

ಹುಡುಕುವಾಗ ಎರಡು ತೊಂದರೆ. ಕೈಬರಹ, ಮಸುಕಾದ ಸ್ಕ್ಯಾನ್ ಹುಡುಕಾಟಕ್ಕೆ ಸಿಗುವುದಿಲ್ಲ, ಹಾಗಾಗಿ ‘ಹುಡುಕಿದೆ, ಹೆಸರೇ ಇಲ್ಲ’ ಅನ್ನುವ ಮಾತನ್ನೂ ನಂಬಬೇಡಿ. ಇನ್ನೊಂದು, ಇಂಗ್ಲಿಷಿನಲ್ಲಿ ಬರೀ ‘ಕ್ಲಿಂಟನ್’ ಎಂದು ಹಾಕಿದರೆ ಹಿಲರಿ ಬರುತ್ತಾರೆ, ಕ್ಲಿಂಟನ್ ಫೌಂಡೇಶನ್ ಬರುತ್ತದೆ, 2016ರ ಚುನಾವಣೆಯ ಸುದ್ದಿಯೆಲ್ಲ ಬರುತ್ತದೆ. ‘ಟ್ರಂಪ್’ ಹಾಕಿದರೆ ಟ್ರಂಪ್ ಟವರ್, ಟ್ರಂಪ್ ಕ್ಯಾಸಿನೊ. ಕೋರ್ಟಿನ ಕೆಲವು ಆದೇಶಗಳಲ್ಲಂತೂ ಹೆಸರೇ ಇರುವುದಿಲ್ಲ, ‘ಡೋ’ ಎಂಬ ಗುಪ್ತನಾಮ ಮತ್ತು ಸಂಖ್ಯೆ ಇರುತ್ತದೆ. ಪ್ರೆಸ್ಕಾ ಅವರ ಆದೇಶದಲ್ಲಿ ಕ್ಲಿಂಟನ್ ‘ಡೋ 36’ ಆಗಿದ್ದರು.

ಹಂತ 3: ಇದು ಎಂಥ ಕಾಗದ?

ಎಲ್ಲ ಕಾಗದಕ್ಕೂ ಒಂದೇ ತೂಕ ಇಲ್ಲ. ನಿಮಗೆ ಪದೇ ಪದೇ ಸಿಗುವವು ಇವು.

ಡೆಪೊಸಿಷನ್: ವಿಚಾರಣೆಗೆ ಮುಂಚೆ, ಕೋರ್ಟಿನ ಹೊರಗೆ, ಪ್ರಮಾಣ ಮಾಡಿಸಿ ಸಾಕ್ಷಿಯಿಂದ ಪಡೆಯುವ ಹೇಳಿಕೆ. ಪ್ರಶ್ನೆ, ಉತ್ತರ, ನಡುವೆ ವಕೀಲರ ತಕರಾರು. ಸುಳ್ಳು ಹೇಳಿದರೆ ಶಿಕ್ಷೆ ಇದೆ, ಆದ್ದರಿಂದ ಇದಕ್ಕೆ ತೂಕ ಜಾಸ್ತಿ.

ಮೋಷನ್: ವಕೀಲರು ಕೋರ್ಟಿಗೆ ಹಾಕುವ ಅರ್ಜಿ. ಇದು ವಾದ, ಸಾಕ್ಷ್ಯ ಅಲ್ಲ. ತಮ್ಮ ಕಕ್ಷಿದಾರರಿಗೆ ಬೇಕಾದ ಹಾಗೆ ಬರೆದಿರುತ್ತಾರೆ.

ಎಕ್ಸಿಬಿಟ್: ಅರ್ಜಿಯ ಜೊತೆ ಲಗತ್ತಿಸಿದ್ದು. ಪತ್ರಿಕೆಯ ತುಣುಕು ಇರಬಹುದು, ಹಳೆಯ ಇಮೇಲ್ ಇರಬಹುದು.

302: ಎಫ್‌ಬಿಐ ಅಧಿಕಾರಿ ಯಾರನ್ನೋ ಮಾತಾಡಿಸಿ ಬಂದು ತನ್ನ ಮಾತಿನಲ್ಲಿ ಬರೆದ ಸಾರಾಂಶ. ಹೇಳಿದವರ ಬಾಯಿಂದ ಬಂದ ಅದೇ ಪದಗಳಲ್ಲ, ಅವರ ಸಹಿಯೂ ಇರುವುದಿಲ್ಲ.

ಟಿಪ್: ಯಾರು ಬೇಕಾದರೂ ಫೋನ್ ಮಾಡಿ, ಆನ್‌ಲೈನ್‌ನಲ್ಲಿ ಬರೆದು ಕೊಡುವ ಸುಳಿವು. ಎಫ್‌ಬಿಐ ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಬರೆದಿಟ್ಟುಕೊಂಡಿದೆ ಅಂದರೆ ಒಪ್ಪಿದೆ ಅಂತಲ್ಲ. ದೊಡ್ಡ ರಾಜಕಾರಣಿಗಳ ಬಗ್ಗೆ ಅತಿ ಭಯಂಕರವಾದ ಸಾಲುಗಳು ಸಿಗುವುದೇ ಇಲ್ಲಿ, ಫಾರ್ವರ್ಡ್ ಆಗುವುದೂ ಇವೇ.

ಎಷ್ಟರ ಮಟ್ಟಿಗೆ ಹುಷಾರಾಗಿರಬೇಕು ಅಂದರೆ, ಒಂದು ಉದಾಹರಣೆ ಕೇಳಿ. 2025ರ ಡಿಸೆಂಬರ್‌ನ ಕಂತಿನಲ್ಲಿ ಒಂದು ಕಾಗದ ಬಂತು. ಜೈಲಿನಿಂದ ಎಪ್‌ಸ್ಟೀನ್ ಬರೆದದ್ದಂತೆ, ಇನ್ನೊಬ್ಬ ಲೈಂಗಿಕ ಅಪರಾಧಿ, ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ಗೆ. ಅದರಲ್ಲಿ ‘ನಮ್ಮ ಅಧ್ಯಕ್ಷರ’ ಬಗ್ಗೆ ಒಂದು ಹೊಲಸು ಸಾಲು. ಕೆಲವೇ ಗಂಟೆಯಲ್ಲಿ ಲೋಕವೆಲ್ಲ ಸುತ್ತಿತು. ಆದರೆ ಅಂಚೆ ಮುದ್ರೆ ವರ್ಜೀನಿಯಾದ್ದು, ತಾರೀಕು 2019ರ ಆಗಸ್ಟ್ 13. ಎಪ್‌ಸ್ಟೀನ್ ಇದ್ದದ್ದು ನ್ಯೂಯಾರ್ಕಿನ ಜೈಲಿನಲ್ಲಿ, ಸತ್ತದ್ದು 10ನೇ ತಾರೀಕು. ಕೈಬರಹವೂ ಹೊಂದುವುದಿಲ್ಲ, ಇದು ನಕಲಿ ಎಂದು ನ್ಯಾಯ ಇಲಾಖೆ ಹೇಳಿತು. ಸರ್ಕಾರ ಬಿಡುಗಡೆ ಮಾಡಿದ ಮಾತ್ರಕ್ಕೆ ಕಾಗದದಲ್ಲಿ ಇರುವುದು ನಿಜವಾಗುವುದಿಲ್ಲ ಅಂತ ಆ ಇಲಾಖೆಯೇ ಸೇರಿಸಿತು. ಲಕೋಟೆಯ ಮೇಲಿನ ತಾರೀಕು ನೋಡಿದ್ದರೆ ಸಾಕಿತ್ತು, ಅಲ್ವಾ?

ಹಂತ 4: ಹೇಳಿದವರಿಗೆ ಅದು ಹೇಗೆ ಗೊತ್ತು?

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಲ್ಲಿ ಸಮಯ ಕೊಡಿ.

2024ರಲ್ಲಿ ಎಲ್ಲ ಕಡೆ ತಲೆಬರಹವಾದ ಸಾಲು ಯಾವುದು ಗೊತ್ತಾ? ಒಬ್ಬ ಸಾಕ್ಷಿಯ 2016ರ ಡೆಪೊಸಿಷನ್‌ನಲ್ಲಿದ್ದದ್ದು. ಎಪ್‌ಸ್ಟೀನ್ ನಿಮ್ಮ ಹತ್ತಿರ ಕ್ಲಿಂಟನ್ ಬಗ್ಗೆ ಮಾತಾಡಿದ್ದನಾ ಎಂದು ಕೇಳಿದ್ದಕ್ಕೆ, ಕ್ಲಿಂಟನ್‌ಗೆ ಚಿಕ್ಕ ವಯಸ್ಸಿನವರು ಇಷ್ಟ ಎಂದು ಅವನು ಒಮ್ಮೆ ಹೇಳಿದ್ದ ಎಂದು ಆಕೆ ಉತ್ತರಿಸಿದರು. ಈಗ ಎಳೆ ಬಿಡಿಸಿ ನೋಡಿ. ಪ್ರಮಾಣ ಮಾಡಿ ಹೇಳುತ್ತಿರುವುದು ಆಕೆ. ಆಕೆ ಪ್ರಮಾಣ ಮಾಡಿದ್ದು ಯಾವುದರ ಬಗ್ಗೆ? ಎಪ್‌ಸ್ಟೀನ್ ಹಾಗೆ ಅಂದ ಅನ್ನುವುದರ ಬಗ್ಗೆ ಮಾತ್ರ. ಅವನು ಅಂದದ್ದು ನಿಜವೋ ಅಲ್ಲವೋ ಆಕೆಗೂ ಗೊತ್ತಿಲ್ಲ. ಇದೇ ಹೇಳಿಕೆಯಲ್ಲಿ, ಅವರಿಬ್ಬರೂ ಸ್ನೇಹಿತರು ಎಂಬುದು ಆಫ್ರಿಕಾ ಪ್ರವಾಸದ ಬಗ್ಗೆ ಒಂದು ಪತ್ರಿಕೆಯಲ್ಲಿ ಓದುವ ತನಕ ತನಗೆ ಗೊತ್ತಿರಲಿಲ್ಲ ಎಂದೂ ಆಕೆ ಹೇಳಿದ್ದಾರೆ. ಆ ಸಾಲು ಯಾವ ಫಾರ್ವರ್ಡ್‌ನಲ್ಲೂ ಬರಲಿಲ್ಲ.

ಇಂಥದ್ದಕ್ಕೆ ಕಾನೂನಿನಲ್ಲಿ ‘ಹಿಯರ್‌ಸೇ’ ಅಂತಾರೆ. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಹೇಳಿದ ಮಾತು. ಅಮೆರಿಕದಲ್ಲೂ ನಮ್ಮಲ್ಲೂ ಕೋರ್ಟುಗಳು ಸಾಮಾನ್ಯವಾಗಿ ಇದನ್ನು ಪುರಾವೆ ಅಂತ ಒಪ್ಪುವುದಿಲ್ಲ. ಯಾಕೆಂದರೆ ಮೂಲದಲ್ಲಿ ಹೇಳಿದವನನ್ನು ನಿಲ್ಲಿಸಿ ಪಾಟೀಸವಾಲು ಮಾಡಲು ಆಗುವುದಿಲ್ಲ. ಇಲ್ಲಿ ಮೂಲದಲ್ಲಿ ಹೇಳಿದವನು ಎಪ್‌ಸ್ಟೀನ್. ದೊಡ್ಡವರ ಹೆಸರು ಹೇಳಿಕೊಂಡು ತಾನೂ ದೊಡ್ಡವನಾಗುವುದೇ ಅವನ ಬಂಡವಾಳವಾಗಿತ್ತು. ಈ ಸಾಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇದರಿಂದ ಏನು ಸಾಬೀತಾಗುತ್ತದೆ, ಏನು ಆಗುವುದಿಲ್ಲ ಅನ್ನುವುದನ್ನು ಬೇರೆ ಮಾಡಿ ಇಟ್ಟುಕೊಳ್ಳಿ ಅಂತಷ್ಟೇ.

ಜುಫ್ರೆ ಅವರ ಹೇಳಿಕೆಯಲ್ಲೂ ಒಂದು ಪಾಠ ಇದೆ. ಮ್ಯಾಕ್ಸ್‌ವೆಲ್ ಹೆಲಿಕಾಪ್ಟರಿನಲ್ಲಿ ಕ್ಲಿಂಟನ್ ಅವರನ್ನು ಎಪ್‌ಸ್ಟೀನ್‌ನ ಖಾಸಗಿ ದ್ವೀಪಕ್ಕೆ ಕರೆತಂದರು ಎಂದು 2011ರ ಪತ್ರಿಕಾ ವರದಿ ಬರೆದಿತ್ತು. ಡೆಪೊಸಿಷನ್‌ನಲ್ಲಿ ಅದರ ಬಗ್ಗೆ ಕೇಳಿದಾಗ, ತಾನು ಅದನ್ನು ಕಂಡಿಲ್ಲ, ಮ್ಯಾಕ್ಸ್‌ವೆಲ್ ಹಾಗೆ ಹೇಳಿಕೊಂಡಿದ್ದಳು, ಪತ್ರಕರ್ತೆ ಬರೆದದ್ದು ಸರಿಯಿಲ್ಲ ಎಂದು ಜುಫ್ರೆ ತಾವೇ ತಿದ್ದಿದರು. ಕಂಡದ್ದು, ಕೇಳಿದ್ದು ಆಗಿ ಇಳಿಯಿತು. ಹಳೆಯ ವರದಿಯನ್ನು ಓದಿ ನಿಲ್ಲಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು: ವ್ಯಾನಿಟಿ ಫೇರ್ ಪತ್ರಿಕೆಯ ಕಚೇರಿಗೆ ಕ್ಲಿಂಟನ್ ನುಗ್ಗಿ, ತನ್ನ ಗೆಳೆಯನ ವಿರುದ್ಧ ಬರೆಯಬೇಡಿ ಎಂದು ಬೆದರಿಸಿದರು ಅಂತ ಜುಫ್ರೆ ಅವರ 2011ರ ಒಂದು ಇಮೇಲ್‌ನಲ್ಲಿದೆ. ಅವರಿಗೆ ಅದು ಹೇಗೆ ಗೊತ್ತಾಯಿತು ಎಂಬುದು ಅಲ್ಲಿ ಇಲ್ಲ. ಆಗ ಸಂಪಾದಕರಾಗಿದ್ದ ಗ್ರೇಡನ್ ಕಾರ್ಟರ್ ಹಾಗೆ ನಡೆದೇ ಇಲ್ಲ ಎಂದರು.

ಎಡವುವ ಜಾಗ: ಡೆಪೊಸಿಷನ್‌ನಲ್ಲಿ ಪ್ರಶ್ನೆಯನ್ನು ಮಾತ್ರ ಕತ್ತರಿಸಿ ಹಂಚುವುದು. ಮೇಲೆ ಹೇಳಿದ ಸಾಕ್ಷಿಗೇ ಟ್ರಂಪ್‌ಗೆ ಯಾವಾಗಲಾದರೂ ಮಸಾಜ್ ಮಾಡಿದ್ದೀರಾ ಎಂದು ಕೇಳಿದ್ದಾರೆ. ಮುಂದಿನ ಸಾಲಿನಲ್ಲೇ ಉತ್ತರ: ಇಲ್ಲ. ಪ್ರಶ್ನೆ ಕೇಳುವ ವಕೀಲ ಪ್ರಮಾಣ ಮಾಡಿರುವುದಿಲ್ಲ, ಅವನು ಏನು ಬೇಕಾದರೂ ಕೇಳಬಹುದು. ಆ ಹೇಳಿಕೆಯಲ್ಲಿ ಟ್ರಂಪ್ ಬರುವ ಇನ್ನೊಂದು ಜಾಗ, ವಿಮಾನ ನ್ಯೂಯಾರ್ಕಿನಲ್ಲಿ ಇಳಿಯಲಾಗದೆ ಅಟ್ಲಾಂಟಿಕ್ ಸಿಟಿಗೆ ಹೋಗಬೇಕಾದಾಗ ಎಪ್‌ಸ್ಟೀನ್ ‘ಟ್ರಂಪ್‌ಗೆ ಫೋನ್ ಮಾಡಿ ಕ್ಯಾಸಿನೊಗೆ ಹೋಗೋಣ’ ಎಂದದ್ದು. ಸುಮ್ನೆ ಬಂದುಹೋಗುವ ಉಲ್ಲೇಖ ಅಂದರೆ ಇಂಥದ್ದು. ಅಂದಹಾಗೆ, 2024ರ ಜನವರಿಯಲ್ಲಿ ಈ ಪುಟಗಳು ಬಂದಾಗ ಕ್ಲಿಂಟನ್, ಟ್ರಂಪ್ ಇಬ್ಬರೂ ಮಾಜಿ ಅಧ್ಯಕ್ಷರೇ.

ಹಂತ 5: ಎಷ್ಟು ಸಲ ಬಂತು ಅನ್ನುವ ಲೆಕ್ಕ ಬಿಡಿ

‘ಕ್ಲಿಂಟನ್ ಹೆಸರು 50ಕ್ಕೂ ಹೆಚ್ಚು ಸಲ!’ 2024ರಲ್ಲಿ ಈ ತಲೆಬರಹ ನೋಡಿರುತ್ತೀರಿ. ಸಂಖ್ಯೆಯೇನೋ ಸರಿ. ಆದರೆ ಅವುಗಳಲ್ಲಿ ಬಹಳಷ್ಟು ಎಲ್ಲಿ ಬಂದಿವೆ ಗೊತ್ತಾ? ಕ್ಲಿಂಟನ್ ಅವರನ್ನು ಸಾಕ್ಷಿಯಾಗಿ ಕರೆಸಬೇಕು ಎಂದು ಜುಫ್ರೆ ಕಡೆಯ ವಕೀಲರು ನಡೆಸಿದ ಕಾನೂನು ಹಗ್ಗಜಗ್ಗಾಟದಲ್ಲಿ. ಒಂದೇ ಅರ್ಜಿಯಲ್ಲಿ ಹತ್ತಾರು ಸಲ ಹೆಸರು ಬರೆದರೆ ಲೆಕ್ಕ ತಾನಾಗಿಯೇ ಏರುತ್ತದೆ.

ಇಮೇಲ್‌ಗಳಲ್ಲಿ ಇನ್ನೂ ಮೋಸ. ಒಂದು ಇಮೇಲ್‌ಗೆ ಐದು ಜನ ಉತ್ತರ ಕೊಟ್ಟರೆ ಹಳೆಯ ಸಂದೇಶ ಐದು ಸಲ ಅಂಟಿಕೊಂಡು ಬರುತ್ತದೆ. ಅದೇ ಇಮೇಲ್ ಎರಡು ಮೂರು ಜನರ ಕಂಪ್ಯೂಟರಿನಿಂದ ಸಿಕ್ಕರೆ ಮತ್ತೆ ಅಷ್ಟೇ ಸಲ. ಎಪ್‌ಸ್ಟೀನ್‌ನ ಅಂಚೆಪೆಟ್ಟಿಗೆಯಲ್ಲಿ ಸುದ್ದಿ ಲೇಖನಗಳೂ ರಾಶಿ ಬಿದ್ದಿದ್ದವು, ಅಮೆರಿಕದ ಸುದ್ದಿ ಅಂದ ಮೇಲೆ ಅಧ್ಯಕ್ಷರ ಹೆಸರು ಇರದೇ ಇರುತ್ತದೆಯೇ? ‘ಸಾವಿರಾರು ಸಲ ಹೆಸರಿದೆ’ ಅನ್ನುವ ಪೋಸ್ಟ್ ನೋಡಿದರೆ ನಾನಂತೂ ಮುಂದೆ ಹೋಗುತ್ತೇನೆ, ನಿಲ್ಲುವುದಿಲ್ಲ.

ಎಣಿಕೆಯ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ನೋಡಿ. ದಾಖಲೆಗಳಲ್ಲಿ ಹೆಸರಿಸಿದ ಅಥವಾ ಉಲ್ಲೇಖಿಸಿದ ಸರ್ಕಾರಿ ಮತ್ತು ರಾಜಕೀಯ ವ್ಯಕ್ತಿಗಳ ಪಟ್ಟಿ ಕೊಡಬೇಕು ಎಂದು 2025ರ ಕಾನೂನಿನಲ್ಲೇ ಇತ್ತು. 2026ರ ಫೆಬ್ರವರಿಯಲ್ಲಿ ನ್ಯಾಯ ಇಲಾಖೆ ಸಂಸತ್ತಿಗೆ ಕಳಿಸಿದ ಪಟ್ಟಿಯಲ್ಲಿ ಗಾಯಕಿ ಜಾನಿಸ್ ಜಾಪ್ಲಿನ್ ಹೆಸರೂ ಸೇರಿತ್ತು. ಆಕೆ ತೀರಿಕೊಂಡದ್ದು 1970ರಲ್ಲಿ. ಆಗ ಎಪ್‌ಸ್ಟೀನ್‌ಗೆ 17 ವರ್ಷ.

ಒಂದೇ ವಿಷಯ ಎರಡೂ ಕಡೆಯಿಂದ ಬರುವುದನ್ನೂ ಗಮನಿಸಿ. ಎಪ್‌ಸ್ಟೀನ್‌ನ ದ್ವೀಪದಲ್ಲಿ ಕ್ಲಿಂಟನ್ ಅವರನ್ನು ಕಂಡಿದ್ದೆ ಎಂದು ಜುಫ್ರೆ ಹೇಳಿದ್ದರು, ಕ್ಲಿಂಟನ್ ಅಲ್ಲಗಳೆದಿದ್ದರು. ಮ್ಯಾಕ್ಸ್‌ವೆಲ್ ಕಡೆಯ ವಕೀಲರು ಇದೇ ಮಾತನ್ನು ತಮ್ಮ ಕಾಗದಗಳಲ್ಲಿ ಎತ್ತಿದ್ದು, ಜುಫ್ರೆ ಮಾತು ನಂಬಲಾಗದು ಎಂದು ತೋರಿಸಲಿಕ್ಕೆ. ಆರೋಪ ಮಾಡಿದ ಪುಟ, ಅದನ್ನು ಅಲ್ಲಗಳೆಯುವ ಪುಟ, ಎರಡೂ ಹುಡುಕಾಟದಲ್ಲಿ ಒಂದೇ ತರಹ ಹಳದಿ ಬಣ್ಣದಲ್ಲಿ ಹೊಳೆಯುತ್ತವೆ.

ಹಂತ 6: ವಿಮಾನದ ಲಾಗ್ ಮತ್ತು ವಿಳಾಸ ಪುಸ್ತಕ

ಫ್ಲೈಟ್ ಲಾಗ್ ಅಂದರೆ ಪೈಲಟ್ ಬರೆದಿಡುವ ಹಾರಾಟದ ದಾಖಲೆ: ತಾರೀಕು, ಎಲ್ಲಿಂದ ಎಲ್ಲಿಗೆ, ಯಾರಿದ್ದರು. ಇದು ಕೇಳಿದ ಮಾತಿಗಿಂತ ಗಟ್ಟಿ, ಯಾಕೆಂದರೆ ಯಾರ ಮೇಲೂ ಆರೋಪ ಹೊರಿಸಲು ಬರೆದದ್ದಲ್ಲ, ಆಗಿಂದಾಗಲೇ ಬರೆದದ್ದು. ಕ್ಲಿಂಟನ್ ಎಪ್‌ಸ್ಟೀನ್ ವಿಮಾನದಲ್ಲಿ ಹೋಗಿದ್ದು ನಿಜ, ಅವರೂ ಒಪ್ಪಿದ್ದಾರೆ. 2002 ಮತ್ತು 2003ರಲ್ಲಿ ಒಟ್ಟು ನಾಲ್ಕು ಪ್ರವಾಸ, ತಮ್ಮ ಫೌಂಡೇಶನ್ ಕೆಲಸಕ್ಕೆ, ಎಂದು ಅವರ ವಕ್ತಾರರು 2019ರಲ್ಲಿ ಹೇಳಿದರು.

ಹಾಗಾದರೆ ಲಾಗ್‌ನಲ್ಲಿ ನಾಲ್ಕಕ್ಕಿಂತ ಬಹಳ ಹೆಚ್ಚು ಸಾಲು ಯಾಕಿವೆ, ಸುಳ್ಳು ಹೇಳಿದರಾ ಎಂದು ಕೇಳುತ್ತಾರೆ. ಲಾಗ್‌ನಲ್ಲಿ ಒಂದು ಊರಿಂದ ಹಾರಿ ಇನ್ನೊಂದು ಊರಲ್ಲಿ ಇಳಿದರೆ ಒಂದು ಸಾಲು. 2002ರ ಸೆಪ್ಟೆಂಬರ್‌ನ ಆಫ್ರಿಕಾ ಪ್ರವಾಸ ಒಂದೇ ಪ್ರವಾಸ, ಆದರೆ ಹಲವು ದೇಶ, ಹಲವು ಸಾಲು. ‘26 ಸಲ ಹಾರಿದರು’ ಅನ್ನುವುದೂ ‘4 ಪ್ರವಾಸ’ ಅನ್ನುವುದೂ ಬೇರೆ ಬೇರೆಯದನ್ನು ಎಣಿಸುತ್ತಿವೆ. ನಾಲ್ಕು ಅನ್ನುವುದು ಸರಿಯಾದ ಲೆಕ್ಕವೋ ಅಂತ ಪರೀಕ್ಷಿಸಬೇಕಾದರೆ ಸಾಲುಗಳನ್ನು ತಾರೀಕಿನ ಪ್ರಕಾರ ಗುಂಪು ಮಾಡಿ, ಮನೆಯಿಂದ ಹೊರಟು ಮನೆಗೆ ಮರಳಿದ್ದನ್ನು ಒಂದು ಅಂತ ಎಣಿಸಿ. ಎಲ್ಲಿಗೆ ಹೋಯಿತು ಅನ್ನುವ ಕಾಲಂ ಕೂಡ ನೋಡಿ. ಆ ವಿಮಾನದಲ್ಲಿ ಹೋಗಿದ್ದು ಬೇರೆ, ಆ ದ್ವೀಪಕ್ಕೆ ಹೋಗಿದ್ದು ಬೇರೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಅಧಿಕಾರ ಬಿಟ್ಟ ಮೇಲೂ ಮರ್ಯಾದೆಗೆ ‘ಪ್ರೆಸಿಡೆಂಟ್ ಕ್ಲಿಂಟನ್’ ಎಂದೇ ಬರೆಯುತ್ತಾರೆ. ಕ್ಲಿಂಟನ್ ಅಧಿಕಾರ ಬಿಟ್ಟದ್ದು 2001ರ ಜನವರಿ 20ರಂದು. ಲಾಗ್‌ನಲ್ಲಿ ಆ ಪದ ಕಂಡು ‘ಅಧ್ಯಕ್ಷರಾಗಿದ್ದಾಗಲೇ ಹೋಗಿದ್ದರು’ ಅಂತ ಬರೆದರೆ ತಪ್ಪಾಗುತ್ತದೆ. ತಾರೀಕು ನೋಡಿ.

ವಿಳಾಸ ಪುಸ್ತಕ, ಅದೇ ‘ಬ್ಲ್ಯಾಕ್ ಬುಕ್’ ಅಂತ ಹೆದರಿಸುವ ಹಾಗೆ ಕರೆಯುತ್ತಾರಲ್ಲ, ಅದಕ್ಕೆ ಬೆಲೆ ಇನ್ನೂ ಕಡಿಮೆ. ಮದುವೆ ಕಾಗದ ಹಂಚುವ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಊಟಕ್ಕೆ ಬಂದಿದ್ದರು ಅನ್ನೋಕಾಗುತ್ತಾ? ನಮ್ಮ ಸುಪ್ರೀಂ ಕೋರ್ಟೇ ಜೈನ್ ಹವಾಲಾ ಡೈರಿ ಕೇಸಿನಲ್ಲಿ 1998ರಲ್ಲಿ ಹೇಳಿದ್ದು ನೆನಪಿರಬಹುದು. ದೊಡ್ಡ ದೊಡ್ಡ ರಾಜಕಾರಣಿಗಳ ಹೆಸರಿನ ಅಕ್ಷರ, ಪಕ್ಕದಲ್ಲಿ ಹಣದ ಲೆಕ್ಕ ಇದ್ದರೂ ಬಿಡಿ ಹಾಳೆಗಳು ಲೆಕ್ಕದ ಪುಸ್ತಕವಲ್ಲ, ಬರೀ ಬರಹ ಇದ್ದರೆ ಸಾಲದು, ಬೇರೆ ಕಡೆಯಿಂದ ಆಧಾರ ಬೇಕು ಎಂದು.

ಹಂತ 7: ಫೋಟೋ ಮತ್ತು ಕಪ್ಪು ಚೌಕ

2025ರ ಡಿಸೆಂಬರ್‌ನ ಕಂತಿನಲ್ಲಿ ಕ್ಲಿಂಟನ್ ಇರುವ ಹಲವು ಫೋಟೋ ಬಂದವು. ಹೆಚ್ಚಿನವಕ್ಕೆ ತಾರೀಕು ಇಲ್ಲ, ಜಾಗ ಇಲ್ಲ, ಯಾರು ತೆಗೆದರು ಗೊತ್ತಿಲ್ಲ. ಕೆಲವರ ಮುಖಕ್ಕೆ ಕಪ್ಪು ಬಳಿದಿದೆ. ಹೀಗೆ ಮುಚ್ಚುವುದಕ್ಕೆ ‘ರಿಡಾಕ್ಷನ್’ ಅಂತಾರೆ.

ಕಪ್ಪು ಚೌಕ ಕಂಡ ತಕ್ಷಣ ಅದರ ಕೆಳಗೆ ಸಂತ್ರಸ್ತೆ ಇದ್ದಾಳೆ, ಅಂದರೆ ಇದು ಅಪರಾಧದ ಫೋಟೋ ಎಂದು ಮನಸ್ಸು ಓಡುತ್ತದೆ. ಓಡಲು ಬಿಡಬೇಡಿ. ಕ್ಲಿಂಟನ್, ಮೈಕೆಲ್ ಜಾಕ್ಸನ್, ಡಯಾನಾ ರಾಸ್ ಒಟ್ಟಿಗಿರುವ ಒಂದು ಫೋಟೋದಲ್ಲಿ ಮಕ್ಕಳ ಮುಖ ಮುಚ್ಚಿತ್ತು, ಗಲಾಟೆಯೂ ಎದ್ದಿತು. ಅದೇ ಫೋಟೋ ಮುಚ್ಚದೆ ವರ್ಷಗಳ ಹಿಂದೆಯೇ ಎಲ್ಲರಿಗೂ ಸಿಗುವಂತಿತ್ತು, ಒಂದು ಸಾರ್ವಜನಿಕ ಸಮಾರಂಭದ್ದು. ಮಕ್ಕಳು ಆ ಗಾಯಕರವೇ. ಫೋಟೋ ಸಿಕ್ಕಾಗ ರಿವರ್ಸ್ ಇಮೇಜ್ ಹುಡುಕಾಟ ಮಾಡಿ, ಅಂದರೆ ಚಿತ್ರವನ್ನೇ ಹಾಕಿ ಹಿಂದೆ ಎಲ್ಲಿ ಬಂದಿತ್ತು ಅಂತ ನೋಡಿ. ಗೂಗಲ್ ಲೆನ್ಸ್ ಸಾಕು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳೂ ಈ ಗದ್ದಲದಲ್ಲಿ ಸೇರಿಕೊಂಡಿವೆ. ನ್ಯಾಯ ಇಲಾಖೆಯ ಸಂಖ್ಯೆ ಇಲ್ಲದ ಚಿತ್ರವನ್ನು ಇಲ್ಲ ಅಂತಲೇ ಎಣಿಸಿ.

ಹಂತ 8: ನಿಮಗೆ ಇಷ್ಟವಾದ ಸಾಲಿಗೂ ಅದೇ ಅಳತೆ

ಇಲ್ಲಿ ಎಲ್ಲರೂ ಜಾರುತ್ತಾರೆ. ಕ್ಲಿಂಟನ್ ದ್ವೀಪಕ್ಕೆ ಬಂದೇ ಇಲ್ಲ ಎಂದು ಎಪ್‌ಸ್ಟೀನ್‌ನ ಇಮೇಲ್‌ನಲ್ಲಿದೆ. 2025ರ ಜುಲೈನಲ್ಲಿ ನ್ಯಾಯ ಇಲಾಖೆಯ ಟಾಡ್ ಬ್ಲಾಂಚ್ ಜೈಲಿನಲ್ಲಿರುವ ಮ್ಯಾಕ್ಸ್‌ವೆಲ್‌ಳನ್ನು ಮಾತಾಡಿಸಿದಾಗ ಆಕೆಯೂ ಅದನ್ನೇ ಹೇಳಿದಳು, ಟ್ರಂಪ್ ಬಗ್ಗೆಯೂ ಒಳ್ಳೆಯದನ್ನೇ ಹೇಳಿದಳು. ಕ್ಲಿಂಟನ್ ಪರ ಇರುವವರು ಮೊದಲನೆಯದನ್ನು ಹಂಚುತ್ತಾರೆ, ಟ್ರಂಪ್ ಪರ ಇರುವವರು ಎರಡನೆಯದನ್ನು. ಆದರೆ ಎಪ್‌ಸ್ಟೀನ್ ಜಂಬ ಕೊಚ್ಚಿದಾಗ ನಂಬದಿದ್ದ ಮೇಲೆ ಅಲ್ಲಗಳೆದಾಗ ಯಾಕೆ ನಂಬಬೇಕು? 20 ವರ್ಷದ ಶಿಕ್ಷೆಯಲ್ಲಿರುವ ಆಕೆಗೆ ಅಧಿಕಾರದಲ್ಲಿರುವವರನ್ನು ಮೆಚ್ಚಿಸಲು ಕಾರಣ ಇಲ್ಲವೇ? ಅವು ಸುಳ್ಳಾಗಿರಲೇಬೇಕು ಅಂತಲ್ಲ. ಹೇಳಿದವರಿಗೆ ಲಾಭ ಇದೆಯಾ, ಬೇರೆ ಕಾಗದ ಇದನ್ನು ಹೇಳುತ್ತದೆಯಾ, ಎರಡು ಪ್ರಶ್ನೆ ಕೇಳಿ. ಲಾಗ್, ರಶೀದಿ, ಭದ್ರತಾ ಸಿಬ್ಬಂದಿಯ ದಾಖಲೆ, ಆ ದಿನದ ಪತ್ರಿಕೆ, ಯಾವುದಾದರೂ.

ಮತ್ತೆ, ಇದನ್ನು ತಿರುಗಿಸಿಯೂ ಹಿಡಿಯಬೇಡಿ. ಉಲ್ಲೇಖ ಮಾತ್ರ ಅಂದರೆ ತನಿಖೆಯೇ ಬೇಡ ಅಂತಲ್ಲ. ಎಪ್‌ಸ್ಟೀನ್ ಜೊತೆ ಇಷ್ಟು ಓಡಾಟ ಯಾಕಿತ್ತು ಎಂದು ಒಬ್ಬ ಮಾಜಿ ಅಧ್ಯಕ್ಷರನ್ನು ಕೇಳುವುದು ಸರಿಯಾದ ಪ್ರಶ್ನೆಯೇ. ಆದರೆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬರೆಯಿರಿ.

ಹಂತ 9: ಹಂಚುವ ಮೊದಲು

ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ: ಯಾವ ಕಂತು, ದಾಖಲೆ ಮತ್ತು ಪುಟದ ಸಂಖ್ಯೆ, ಎಂಥ ಕಾಗದ, ಯಾರು ಹೇಳಿದ್ದು, ಕಂಡದ್ದೋ ಕೇಳಿದ್ದೋ, ಬೇರೆ ಆಧಾರ ಏನು. ಉದಾಹರಣೆಗೆ: ‘2024ರ ಕೋರ್ಟ್ ಕಂತು, 2016ರ ಡೆಪೊಸಿಷನ್, ಸಾಕ್ಷಿ ಎಪ್‌ಸ್ಟೀನ್ ಬಾಯಲ್ಲಿ ಕೇಳಿದ್ದು, ಬೇರೆ ಆಧಾರ ಇಲ್ಲ.’ ಈ ಸಾಲನ್ನು ಸ್ಕ್ರೀನ್‌ಶಾಟ್ ಜೊತೆಗೇ ಹಾಕಿ. ಖಾಲಿ ಜಾಗ ಎರಡಕ್ಕಿಂತ ಹೆಚ್ಚಿದ್ದರೆ ಹಂಚಬೇಡಿ.

ಸಂತ್ರಸ್ತೆಯರ ಹೆಸರಿನ ಬಗ್ಗೆ ಬಹಳ ಜಾಗ್ರತೆ. ನ್ಯಾಯ ಇಲಾಖೆ ಮುಚ್ಚಬೇಕಾದದ್ದನ್ನು ಸರಿಯಾಗಿ ಮುಚ್ಚದೆ ಕೆಲವರ ಗುರುತು ಹೊರಬಿತ್ತು. ಆಮೇಲೆ ಸಾವಿರಾರು ದಾಖಲೆಗಳನ್ನು ತಾಣದಿಂದ ಹಿಂತೆಗೆದರು. ಕೆಲವು ಪಿಡಿಎಫ್‌ಗಳಲ್ಲಿ ಕಪ್ಪು ಪಟ್ಟಿಯ ಕೆಳಗಿನ ಅಕ್ಷರಗಳನ್ನು ಕಾಪಿ ಮಾಡಿದರೆ ಓದಲೂ ಬರುತ್ತಿತ್ತು. ಬರುತ್ತದೆ ಅಂತ ಓದಿ ಬರೆಯಬೇಡಿ. ನಮ್ಮಲ್ಲಿ ಅತ್ಯಾಚಾರ ಸಂತ್ರಸ್ತೆಯ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಅಮೆರಿಕದ ಕೇಸು ಅಂತ ನಮ್ಮ ಮರ್ಯಾದೆ ಬದಲಾಗಬೇಕಿಲ್ಲ. ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡ ಪುಟದಲ್ಲಿ ಅಂಥ ಹೆಸರು ಕಂಡರೆ ಆ ಕಾಪಿಯನ್ನು ಅಳಿಸಿಬಿಡಿ. ದಾಖಲೆಯ ಸಂಖ್ಯೆ ನೋಟ್‌ಬುಕ್‌ನಲ್ಲಿ ಇರುತ್ತದೆ, ಸರಿಪಡಿಸಿದ ಪುಟ ಮತ್ತೆ ಬಂದಾಗ ಅದರಿಂದಲೇ ಹುಡುಕಿಕೊಳ್ಳಬಹುದು.